ಪಾಠ ಒಪ್ಪಿಸಿದ ಲೆಕ್ಕ: ಕಡತದಿಂದ ಮೊಬೈಲ್‌ವರೆಗೆ

ಶಾಲೆಗೆ ಐವತ್ತು ವರ್ಷ ತುಂಬಿದಾಗ ಹೊರಬರುವ ಸಂಚಿಕೆಯಲ್ಲಿ ಏನೇನು ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಶಾಲೆಗಾಗಿ ದುಡಿದ ಹಿರಿಯರ ನೆನಪು, ಮುಖ್ಯೋಪಾಧ್ಯಾಯರ ಯಾದಿ, ಖೋಖೋ–ಕಬಡ್ಡಿಯಲ್ಲಿ ಗೆದ್ದ ಢಾಲುಗಳು, ಎಸ್ಸೆಸ್ಸೆಲ್ಸಿ ಫಲಿತಾಂಶ. ಇವೆಲ್ಲ ಇರಬೇಕಾದವೇ. ಆದರೆ ಯಾವುದೇ ಶಾಲೆಯಲ್ಲಿ ದಿನಾ ಬೆಳಿಗ್ಗೆ ನಡೆಯುವ ಕೆಲಸವೊಂದಿದೆ, ಅದು ಯಾವ ಸಂಚಿಕೆಯಲ್ಲೂ ಬರುವುದಿಲ್ಲ. ನಿನ್ನೆ ಕೊಟ್ಟ ಕೆಲಸವನ್ನು ಇವತ್ತು ಯಾರು ಮಾಡಿಕೊಂಡು ಬಂದರು, ಯಾರು ಬರಲಿಲ್ಲ ಎಂದು ಶಿಕ್ಷಕರು ಇಡುವ ಲೆಕ್ಕವೇ ಅದು.

ನಮ್ಮ ಕಡೆ ಇದಕ್ಕೊಂದು ಚಂದದ ಮಾತಿದೆ: ಒಪ್ಪಿಸುವುದು. ಮಗ್ಗಿ ಒಪ್ಪಿಸುತ್ತಿದ್ದರು, ಪದ್ಯ ಒಪ್ಪಿಸುತ್ತಿದ್ದರು, ಬರೆದ ವಹಿಯನ್ನು ಗುರುಗಳ ಮೇಜಿನ ಮೇಲೆ ಒಪ್ಪಿಸುತ್ತಿದ್ದರು. ಈಗ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸುವುದೂ ಒಪ್ಪಿಸುವುದೇ. ಇಂದಿನ ಆನ್‌ಲೈನ್ ಕಲಿಕಾ ವೇದಿಕೆಗಳು ಯಾವ ಮಗು ಯಾವ ದಿನ, ಎಷ್ಟು ಗಂಟೆಗೆ ಕೆಲಸ ಒಪ್ಪಿಸಿತು ಎಂಬುದನ್ನು ತಾವೇ ಬರೆದಿಟ್ಟುಕೊಂಡು ಶಿಕ್ಷಕರಿಗೆ ತೋರಿಸುತ್ತವೆ. ಇದು ಹೊಸ ಕಾಲದ ಹೊಸ ವಿದ್ಯೆ ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಈ ಲೆಕ್ಕಕ್ಕೆ ನಮ್ಮ ಸೀಮೆಯಲ್ಲೇ ಕನಿಷ್ಠ ಇನ್ನೂರು ವರ್ಷದ ಲಿಖಿತ ಇತಿಹಾಸವಿದೆ. ಲೆಕ್ಕ ಯಾವಾಗ ಮಗುವಿಗೆ ಆಸರೆಯಾಯಿತು, ಯಾವಾಗ ಬರೀ ಕಾಟವಾಯಿತು ಎಂಬುದನ್ನು ಆ ಇತಿಹಾಸದಿಂದ ತಿಳಿಯಬಹುದು. ಅದಕ್ಕಾಗಿಯೇ ಈ ಬರಹ.

ಅಂಗೈಯ ಮೇಲಿನ ಸರಸ್ವತಿ

1822ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ತನ್ನ ಪ್ರಾಂತದ ಎಲ್ಲ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಕಲೆಕ್ಟರರಿಂದ ವರದಿ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರ ಅವುಗಳಲ್ಲೆಲ್ಲ ಹೆಸರಾದದ್ದು. ತುಂಗಭದ್ರೆಯ ಈಚೆ ದಂಡೆಯ ನಾವು ಮುಂದೆ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದೆವು. ಆಚೆ ದಂಡೆ ಮದ್ರಾಸಿನ ಬಳ್ಳಾರಿ ಜಿಲ್ಲೆ. ಆಡಳಿತ ಬೇರೆಯಾದರೂ ಎರಡೂ ದಂಡೆಯ ಜನ ಒಂದೇ ಭಾಷೆಯವರು. ನಮ್ಮ ಗುಡ್ಡದ ಮಾಲತೇಶನಿಗೂ ಹೊಳೆಯಾಚೆಯ ಮೈಲಾರಲಿಂಗನಿಗೂ ನಡೆದುಕೊಳ್ಳುವ ಭಕ್ತರು ಇವತ್ತಿಗೂ ಆಚೀಚೆ ಹಾಯುತ್ತಲೇ ಇದ್ದಾರೆ. ಆದ್ದರಿಂದ ಆ ವರದಿಯಲ್ಲಿ ಕಾಣುವ ಗಾವಠಿ ಮಠಗಳ ಚಿತ್ರ ನಮಗೆ ಪರಕೀಯವಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು ಎಂದು ಕ್ಯಾಂಪ್‌ಬೆಲ್ ಲೆಕ್ಕ ಕೊಟ್ಟಿದ್ದಾನೆ. ಅವುಗಳಲ್ಲಿ ಕನ್ನಡ ಶಾಲೆಗಳು 235. ಸರಾಸರಿ ಒಂದು ಮಠಕ್ಕೆ ಹನ್ನೆರಡು ಮಕ್ಕಳು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಹಲಗೆ ಅಥವಾ ಕಡತದ ಮೇಲೆ ಬರೆಯುತ್ತಿದ್ದರು. ಕಡತವೆಂದರೆ ಗಂಜಿ, ಇದ್ದಿಲು ಹಚ್ಚಿ ಗಟ್ಟಿ ಮಾಡಿ ಮಡಚಿದ ಬಟ್ಟೆ. ಬಳಪದಿಂದ ಅದರ ಮೇಲೆ ಬರೆಯುವುದು, ಬೇಡವಾದಾಗ ಒರೆಸುವುದು.

ಬರೆದದ್ದನ್ನು ಒರೆಸಿಬಿಟ್ಟ ಮೇಲೆ ಯಾರು ಏನು ಮಾಡಿದರೆಂಬ ಗುರುತು ಉಳಿಯುವುದೆಲ್ಲಿ? ಅಂಗೈಯ ಮೇಲೆ! ಬೆಳಗಿನ ಆರು ಗಂಟೆಯ ಹೊತ್ತಿಗೆ ಮಠ ಶುರುವಾಗುತ್ತಿತ್ತು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಮರ್ಯಾದೆ. ಎರಡನೆಯವನ ಕೈಮೇಲೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ಹಿಂದೆ ಬಂದಂತೆಲ್ಲ ಒಂದೊಂದು ಹೆಚ್ಚು. ಯಾರು ಎಷ್ಟನೆಯವರಾಗಿ ಬಂದರು ಎಂಬ ದಾಖಲೆ ಹುಡುಗರ ಮೈಮೇಲೆಯೇ ಇರುತ್ತಿತ್ತು. ಇಂದಿನ ಕಂಪ್ಯೂಟರ್ ಪ್ರತಿ ಉತ್ತರಪತ್ರಿಕೆಯ ಮುಂದೆ ಗಂಟೆ–ನಿಮಿಷ ಹಾಕುತ್ತದಲ್ಲ, ಅದರ ಮುತ್ತಜ್ಜ ಇದೇ.

ಈ ಲೆಕ್ಕದ ಕೊರತೆಯನ್ನೂ ನೋಡಬೇಕು. ಹತ್ತನೆಯವನಾಗಿ ಬಂದ ಹುಡುಗ ಸೋಮಾರಿಯೋ, ದನಕ್ಕೆ ಮೇವು ಹಾಕಿ ಬಂದವನೋ ಎಂದು ಬೆತ್ತ ಕೇಳುತ್ತಿರಲಿಲ್ಲ. ಆದರೆ ಕ್ಯಾಂಪ್‌ಬೆಲ್ ಒಂದು ಒಳ್ಳೆಯ ಕೆಲಸ ಮಾಡಿದ. ಜನಸಂಖ್ಯೆಯಲ್ಲಿ ಸಾವಿರಕ್ಕೆ ಏಳು ಮಂದಿಯೂ ಶಾಲೆಯಲ್ಲಿಲ್ಲ ಎಂಬ ಅಂಕಿಗೇ ನಿಲ್ಲದೆ, ಏಕೆ ಇಲ್ಲ ಎಂದು ಕೇಳಿದ. ಜನ ಬಡವರಾಗಿದ್ದಾರೆ, ಶಾಲೆಯ ಖರ್ಚು ಅವರಿಂದ ಆಗುತ್ತಿಲ್ಲ, ಎಳೆಯ ಮಕ್ಕಳ ಕೈಗೂಲಿಯೂ ಮನೆಗೆ ಬೇಕಾಗಿದೆ ಎಂದು ಬರೆದ. ಲೆಕ್ಕದಿಂದ ಕಾರಣಕ್ಕೆ ಹೋದ ಆ ಒಂದು ಹೆಜ್ಜೆಯಿಂದಲೇ ಆ ವರದಿ ಇಂದಿಗೂ ಓದುವಂತಿದೆ.

ಸಾಹೇಬರ ಭೇಟಿ, ದುಡ್ಡಿನ ಲೆಕ್ಕ

1854ರ ಚಾರ್ಲ್ಸ್ ವುಡ್‌ನ ಶಿಕ್ಷಣ ಆದೇಶದ ನಂತರ ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳು ಹುಟ್ಟಿದವು. ಮಠಗಳ ಜಾಗದಲ್ಲಿ ಸರಕಾರಿ ‘ಕನ್ನಡ ಸಾಲಿ’ಗಳು ಬಂದವು. ಮರಾಠಿಯ ಒತ್ತಿನಲ್ಲಿದ್ದ ಈ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಮೊದಲು ಬರುತ್ತದೆ. 1865ರಲ್ಲಿ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಹೊರಟಿತು. ಮುಂದೆ ಅದೇ ‘ಜೀವನ ಶಿಕ್ಷಣ’ವಾಗಿ ನಮ್ಮ ಶಾಲೆಗಳ ಶಿಕ್ಷಕರ ಕೈಗೂ ಬಂದಿತು.

ಇಲಾಖೆಯ ಜೊತೆಗೆ ಹಾಜರಿ ಪುಸ್ತಕ ಬಂತು, ತನಿಖೆ ಬಂತು. ಸಾಹೇಬರು ಬರುತ್ತಾರೆಂದರೆ ಸಾಲಿಗೆ ಸುಣ್ಣ, ಮಾಸ್ತರಿಗೆ ಎದೆ ಡವಡವ. ಮಗು ಪಾಠ ಒಪ್ಪಿಸುವುದು ಈಗ ಗುರುಗಳಿಗೆ ಮಾತ್ರವಲ್ಲ, ಗುರುಗಳ ಮೇಲಿನವರಿಗೂ ಆಯಿತು.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ವಿಚಿತ್ರ ಪ್ರಯೋಗವೊಂದು ನಡೆದಿತ್ತು. 1862ರ ನಿಯಮದ ಪ್ರಕಾರ ಶಾಲೆಗೆ ಸಿಗುವ ಸರಕಾರಿ ದುಡ್ಡು ಮಕ್ಕಳ ಹಾಜರಿಯ ಮೇಲೆ, ಓದು–ಬರಹ–ಲೆಕ್ಕದಲ್ಲಿ ಮಕ್ಕಳು ತನಿಖಾಧಿಕಾರಿಯ ಮುಂದೆ ಪಾಸಾಗುವುದರ ಮೇಲೆ ನಿಂತಿತು. ಮಗು ಒಂದು ವಿಷಯದಲ್ಲಿ ತಪ್ಪಿದರೆ ಅಷ್ಟು ದುಡ್ಡು ಕಡಿತ. ‘ಫಲಿತಾಂಶಕ್ಕೆ ತಕ್ಕ ಹಣ’ ಎಂಬ ಈ ಪದ್ಧತಿ ಮುಂಬೈ ಪ್ರಾಂತದ ಅನುದಾನಿತ ಶಾಲೆಗಳಿಗೂ ಬಂತು.

ಪರಿಣಾಮ ಏನಾಯಿತು? ಇಂಗ್ಲೆಂಡಿನಲ್ಲಿ ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿದರು. ಪರೀಕ್ಷೆಗೆ ಬಾರದ ವಿಷಯಗಳನ್ನು ಶಿಕ್ಷಕರು ಕೈಬಿಟ್ಟರು. ಕವಿಯೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್, ಇದರಿಂದ ಕಲಿಕೆ ಯಂತ್ರದಂತಾಗುತ್ತದೆ ಎಂದು ಬಾರಿಬಾರಿಗೂ ವಿರೋಧಿಸಿದ. ಮೂರು ದಶಕ ಕಳೆಯುವಷ್ಟರಲ್ಲಿ ಇಂಗ್ಲೆಂಡೇ ಆ ಪದ್ಧತಿಯನ್ನು ಬಿಟ್ಟಿತು. ಲೆಕ್ಕವನ್ನು ದುಡ್ಡಿಗೋ ದಂಡಕ್ಕೋ ಕಟ್ಟಿದರೆ, ಲೆಕ್ಕ ಚಂದ ಕಾಣುತ್ತದೆ, ಕಲಿಕೆ ಹಿಂದೆ ಬೀಳುತ್ತದೆ ಎಂಬುದು ಆಗಲೇ ಗೊತ್ತಾದ ಸತ್ಯ.

ಕೆಂಪು ಶಾಯಿಯ ಕಾಲ

ಪಾಟಿಯಿಂದ ವಹಿಗೆ ಬಂದದ್ದು ಈ ಇತಿಹಾಸದಲ್ಲಿ ದೊಡ್ಡ ತಿರುವು. ಪಾಟಿಯ ಮೇಲಿನದು ಒರೆಸಿದರೆ ಹೋಯಿತು. ವಹಿಯಲ್ಲಿ ಬರೆದದ್ದು ಉಳಿಯುತ್ತದೆ. ಗುರುಗಳ ಕೆಂಪು ಶಾಯಿಯ ರುಜು, ತಾರೀಖು, ‘ನೋಡಿದೆ’, ‘ಮತ್ತೆ ಬರೆ’ ಎಂಬ ಮಾತುಗಳೂ ಉಳಿಯುತ್ತವೆ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಯ ಅಟ್ಟದಲ್ಲಿ ಇಂಥ ವಹಿಗಳು ಇನ್ನೂ ಇದ್ದರೆ ಅವು ಶಾಲೆಯ ನಿಜವಾದ ಕಡತಗಳು.

ಆದರೆ ಆ ರುಜುವಿನ ಹಿಂದಿನ ದುಡಿಮೆಯನ್ನು ಲೆಕ್ಕ ಹಾಕಿದವರು ಕಡಿಮೆ. ಒಬ್ಬ ಗಣಿತ ಶಿಕ್ಷಕರು ಐವತ್ತು ಮಕ್ಕಳ ಮೂರು ತರಗತಿ ನೋಡುತ್ತಾರೆ ಎಂದುಕೊಳ್ಳಿ. ಒಂದು ದಿನದ ಮನೆಗೆಲಸವೆಂದರೆ 150 ವಹಿ. ಒಂದಕ್ಕೆ ಎರಡೇ ನಿಮಿಷ ಹಿಡಿದರೂ ಐದು ತಾಸು. ಅದಕ್ಕೇ ಶಾಲೆಗಳಲ್ಲಿ ಮಾನಿಟರ್ ಪದ್ಧತಿ ಬೇರೂರಿತು. ಮಾನಿಟರ್ ವಹಿಗಳನ್ನು ಒಟ್ಟು ಮಾಡಿ ಮೇಜಿನ ಮೇಲೆ ಇಡುವುದು, ಕೊಡದವರ ಹೆಸರನ್ನು ಹೇಳುವುದು. ಇದೂ ಹೊಸದಲ್ಲ. ಮಠಗಳಲ್ಲಿ ಹಿರಿಯ ಹುಡುಗರು ಕಿರಿಯರ ಪಾಠ ನೋಡಿಕೊಳ್ಳುತ್ತಿದ್ದುದನ್ನು ಕ್ಯಾಂಪ್‌ಬೆಲ್ ಬರೆದಿದ್ದಾನೆ. ಮದ್ರಾಸಿನಲ್ಲಿದ್ದ ಆ್ಯಂಡ್ರ್ಯೂ ಬೆಲ್ ಎಂಬ ಪಾದ್ರಿ ನಮ್ಮ ದೇಶದ ಮಕ್ಕಳ ಮರಳಿನ ಬರಹ ನೋಡಿ, ಹುಡುಗರಿಂದಲೇ ಹುಡುಗರಿಗೆ ಕಲಿಸುವ ಪದ್ಧತಿಯನ್ನು ಬೆಳೆಸಿ, 1797ರಲ್ಲಿ ಪುಸ್ತಕ ಬರೆದು ಇಂಗ್ಲೆಂಡಿಗೆ ಒಯ್ದಿದ್ದ.

ಮಾನಿಟರನಿಗೆ ಗೊತ್ತಿದ್ದು ಗುರುಗಳಿಗೆ ಗೊತ್ತಿಲ್ಲದ ಸಂಗತಿಗಳೂ ಇರುತ್ತಿದ್ದವು. ‘ಸರ್, ಅವನ ಮನ್ಯಾಗ ಮೆಣಸಿನಕಾಯಿ ಬಿಡಿಸಾಕ ಹಚ್ಯಾರ್ರಿ’ ಎಂದು ಅವನು ಹೇಳಿದಾಗ, ಬಾಕಿ ಉಳಿದ ಹೆಸರಿಗೆ ಒಂದು ಕಾರಣ ಸಿಗುತ್ತಿತ್ತು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೋಗುವ ತಿಂಗಳುಗಳು, ರಾಣೇಬೆನ್ನೂರು ಸೀಮೆಯ ಹೈಬ್ರಿಡ್ ಬೀಜದ ಹೊಲಗಳಲ್ಲಿ ಹೂವಿನ ಕ್ರಾಸಿಂಗ್ ನಡೆಯುವ ದಿನಗಳು, ಗೋವಿನಜೋಳದ ಸುಗ್ಗಿ, ಜಾತ್ರೆ. ಇವುಗಳ ಪಂಚಾಂಗ ಗೊತ್ತಿದ್ದ ಶಿಕ್ಷಕರಿಗೆ ವಹಿ ಬಾರದ ವಾರಗಳು ಮೊದಲೇ ತಿಳಿಯುತ್ತಿದ್ದವು. ‘ಬಾ ಮರಳಿ ಶಾಲೆಗೆ’, ‘ಕೂಲಿಯಿಂದ ಶಾಲೆಗೆ’ ಎಂಬ ಸರಕಾರಿ ಕಾರ್ಯಕ್ರಮಗಳು ನಡೆದಾಗ, ಯಾರ ಮನೆಗೆ ಹೋಗಬೇಕೆಂದು ಗೊತ್ತಾದದ್ದೂ ಹಾಜರಿ ಪುಸ್ತಕ ಹಿಡಿದುಕೊಂಡ ಶಿಕ್ಷಕರಿಗೇ.

ಹೋಗುವ ದಾರಿ ಇತ್ತು, ಬರುವ ದಾರಿ ಇರಲಿಲ್ಲ

ಗುರು ಒಂದು ಕಡೆ, ಶಿಷ್ಯ ಒಂದು ಕಡೆ ಇದ್ದಾಗ ಈ ಲೆಕ್ಕ ಇಡುವುದು ಹೇಗೆ? ಮೊದಲ ದಾರಿ ಅಂಚೆ. 1840ರಲ್ಲಿ ಇಂಗ್ಲೆಂಡಿನಲ್ಲಿ ಅಗ್ಗದ ಅಂಚೆ ಬಂದಾಗ ಐಸಾಕ್ ಪಿಟ್‌ಮನ್ ಶೀಘ್ರಲಿಪಿಯ ಪಾಠಗಳನ್ನು ಅಂಚೆಯಲ್ಲಿ ಕಳಿಸಿ, ಶಿಷ್ಯರು ಬರೆದು ಕಳಿಸಿದ್ದನ್ನು ತಿದ್ದಿ ಹಿಂದಿರುಗಿಸುತ್ತಿದ್ದ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿತು. 1996ರಲ್ಲಿ ಅದರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ನೌಕರಿ ಮಾಡುತ್ತಲೇ ಹೀಗೆ ಪದವಿ ಪಡೆದ ಶಿಕ್ಷಕರು ರಾಜ್ಯದಲ್ಲಿ ಅನೇಕರಿದ್ದಾರೆ.

ಎರಡನೆಯ ದಾರಿ ಬಾನುಲಿ, ದೂರದರ್ಶನ. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಎಂಬ ಉಪಗ್ರಹ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ಬಂತು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. 2004ರಲ್ಲಿ ಎಜುಸ್ಯಾಟ್ ಎಂಬ ಉಪಗ್ರಹವನ್ನೇ ಶಿಕ್ಷಣಕ್ಕಾಗಿ ಹಾರಿಸಿದರು.

ಈ ಎಲ್ಲದರಲ್ಲಿ ಒಂದು ಕೊರತೆ ಇತ್ತು. ಪಾಠ ಹೋಗುವುದಕ್ಕೆ ದಾರಿ ಇತ್ತು, ಮಗುವಿನ ಉತ್ತರ ತಿರುಗಿ ಬರುವುದಕ್ಕೆ ದಾರಿ ಇರಲಿಲ್ಲ, ಇದ್ದರೂ ಅಂಚೆಯಷ್ಟು ನಿಧಾನ. ಟಿ.ವಿ.ಗೆ ಎದುರು ಕೂತ ಮಗು ಕಲಿಯಿತೋ, ನಿದ್ದೆ ಮಾಡಿತೋ, ಆಕಾಶದ ಉಪಗ್ರಹಕ್ಕೆ ಏನು ಗೊತ್ತು?

ಬರುವ ದಾರಿಯನ್ನು ಹುಡುಕಿದವರಲ್ಲಿ ಒಬ್ಬನ ಕತೆ ಹಳ್ಳಿಯವರಿಗೆ ಇಷ್ಟವಾಗುವಂಥದ್ದು. ಮಾರ್ಟಿನ್ ಡೂಗಿಯಾಮಸ್ ಎಂಬವನು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ದೂರದ ಊರಿನಲ್ಲಿ ಬೆಳೆದವನು. ಹತ್ತಿರ ಶಾಲೆ ಇರಲಿಲ್ಲ. ರೇಡಿಯೊದಲ್ಲಿ ಪಾಠ, ವಿಮಾನದಲ್ಲಿ ಬರುವ ಪುಸ್ತಕದ ಕಟ್ಟು. ಅವನೇ ದೊಡ್ಡವನಾಗಿ 2002ರಲ್ಲಿ ‘ಮೂಡಲ್’ ಎಂಬ ಕಲಿಕಾ ವೇದಿಕೆಯನ್ನು ಹೊರತಂದು, ಯಾರು ಬೇಕಾದರೂ ಹಣ ಕೊಡದೆ ಬಳಸಿಕೊಳ್ಳಲು ಬಿಟ್ಟ. ಲೋಕದ ನೂರಾರು ದೇಶಗಳಲ್ಲಿ ಅದು ಬಳಕೆಯಲ್ಲಿದೆ. 2014ರಲ್ಲಿ ಗೂಗಲ್ ಕ್ಲಾಸ್‌ರೂಮ್ ಬಂತು.

ಈ ವೇದಿಕೆಗಳು ಲೆಕ್ಕ ಇಡುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶಿಕ್ಷಕರು ಒಂದು ಕೆಲಸ ಕೊಟ್ಟು ಗಡುವು ಹಾಕುತ್ತಾರೆ. ಪ್ರತಿ ಮಗುವಿನ ಹೆಸರಿನ ಮುಂದೆ ಸ್ಥಿತಿ ಕಾಣುತ್ತದೆ: ಒಪ್ಪಿಸಿದೆ, ತಡವಾಗಿ ಒಪ್ಪಿಸಿದೆ, ಒಪ್ಪಿಸಿಲ್ಲ, ತಿದ್ದಿ ಹಿಂದಿರುಗಿಸಲಾಗಿದೆ. ಮೂಡಲ್‌ನಲ್ಲಿ ಎರಡು ಬಗೆಯ ದಿನಾಂಕ ಇಡಬಹುದು. ಒಂದು ಗಡುವಿನ ದಿನ, ಅದು ದಾಟಿದರೂ ಕೆಲಸ ಒಪ್ಪಿಸಬಹುದು, ‘ತಡ’ ಎಂಬ ಗುರುತು ಮಾತ್ರ ಬೀಳುತ್ತದೆ. ಇನ್ನೊಂದು ಬಾಗಿಲು ಮುಚ್ಚುವ ದಿನ, ಆಮೇಲೆ ತೆಗೆದುಕೊಳ್ಳುವುದಿಲ್ಲ. ಕಷ್ಟದಲ್ಲಿರುವ ಒಂದು ಮಗುವಿಗೆ ಮಾತ್ರ ಹೆಚ್ಚು ದಿನ ಕೊಡುವ ಅನುಕೂಲವೂ ಇದೆ. ಇನ್ನೂ ಒಪ್ಪಿಸದವರನ್ನಷ್ಟೇ ಆರಿಸಿ ಅವರಿಗೆ ಒಂದೇ ಸಲ ನೆನಪೋಲೆ ಕಳಿಸಬಹುದು. ಐದು ತಾಸಿನ ಕೆಲಸದಲ್ಲಿ ಹೆಸರು ಹುಡುಕುವ ಭಾಗವನ್ನು ಯಂತ್ರ ಮಾಡಿಕೊಟ್ಟಿತು. ಓದಿ ತಿದ್ದುವ ಭಾಗ ಗುರುವಿಗೇ ಉಳಿಯಿತು.

2020: ವಾಟ್ಸ್‌ಆ್ಯಪ್ ಮತ್ತು ವಠಾರ

ನಮ್ಮ ರಾಜ್ಯದ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದದ್ದು ಹೆಚ್ಚಾಗಿ 2001ರ ಸುಮಾರಿಗೆ ಶುರುವಾದ ‘ಮಾಹಿತಿ ಸಿಂಧು’ ಯೋಜನೆಯ ನಂತರ. ಆದರೆ ಪ್ರಯೋಗಾಲಯದ ಕಂಪ್ಯೂಟರ್ ಒಂದು ಮಾತು, ಮನೆಯಿಂದ ಮಗು ಪಾಠ ಒಪ್ಪಿಸುವುದು ಇನ್ನೊಂದು ಮಾತು. ಆ ಎರಡನೆಯದು ಬಂದದ್ದು ಕೊರೊನಾದಿಂದ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಪಾಠ ಹೋಯಿತು, ಉತ್ತರ ಬರಲು ವಾಟ್ಸ್‌ಆ್ಯಪ್ ಗುಂಪುಗಳು ಹುಟ್ಟಿದವು. ಶಿಕ್ಷಕರು ಪ್ರಶ್ನೆ ಹಾಕುವರು, ಮಕ್ಕಳು ವಹಿಯ ಪುಟದ ಚಿತ್ರ ತೆಗೆದು ಕಳಿಸುವರು. ಕೆಲವು ಚಿತ್ರ ಮಸುಕು, ಕೆಲವು ಅಡ್ಡ, ಕೆಲವಕ್ಕೆ ಹೆಸರೇ ಇಲ್ಲ. ನಡುನಡುವೆ ಯಾರೋ ಹಾಕಿದ ಶುಭೋದಯದ ಹೂವು. ಎರಡು ನೀಲಿ ಗೀಟು ಬಿದ್ದರೆ ಸಂದೇಶ ನೋಡಿದ್ದಾರೆ ಎಂದು ಗೊತ್ತಾಗುತ್ತದೆ, ಆದರೆ ನೋಡಿದ್ದು ಮಗುವೋ, ಅಪ್ಪನೋ, ಅಣ್ಣನೋ? ಕೊನೆಗೆ ಶಿಕ್ಷಕರು ಹಾಳೆಯ ಮೇಲೆ ಹೆಸರು ಬರೆದುಕೊಂಡು ಒಂದೊಂದೇ ಗುರುತು ಹಾಕತೊಡಗಿದರು. ಫೋನಿನಲ್ಲಿ ನಡೆದ ಶಾಲೆಗೂ ಹಾಜರಿ ಪುಸ್ತಕವೇ ಬೇಕಾಯಿತು.

ಕೆಲವರು ಗೂಗಲ್ ಫಾರ್ಮ್ ಬಳಸಿದರು. ಉತ್ತರ, ಹೆಸರು, ಸಮಯ ಎಲ್ಲ ಸಾಲಾಗಿ ಬಂತು. ಅಲ್ಲೂ ಒಂದು ತೊಡಕು. ಒಬ್ಬನೇ ಹುಡುಗ ಒಮ್ಮೆ ಹನುಮಂತ, ಇನ್ನೊಮ್ಮೆ ಹನಮಂತ, ಮತ್ತೊಮ್ಮೆ ಅಪ್ಪನ ಹೆಸರು ಸೇರಿಸಿ ಬರೆದರೆ ಯಂತ್ರಕ್ಕೆ ಅವನು ಮೂವರು. ಹೆಸರಿನ ಬದಲು ಹಾಜರಿ ಸಂಖ್ಯೆಯನ್ನೋ ಸ್ಯಾಟ್ಸ್ ಸಂಖ್ಯೆಯನ್ನೋ ಬರೆಸಿದರೆ ಈ ತೊಡಕು ಇಲ್ಲ. ಸಣ್ಣ ಮಾತು, ಆದರೆ ಲೆಕ್ಕ ಸರಿಯಾಗುವುದು ಇಂಥ ಸಣ್ಣ ಮಾತುಗಳಿಂದಲೇ.

ಸಮಯದ ಕಂಬಸಾಲಿನಲ್ಲಿ ಇನ್ನೊಂದು ಸಂಗತಿ ಇರುತ್ತದೆ, ಕಣ್ಣಿದ್ದವರಿಗೆ ಮಾತ್ರ ಕಾಣುವಂಥದ್ದು. ಒಂದು ಮಗುವಿನ ಉತ್ತರ ದಿನಾ ರಾತ್ರಿ ಒಂಬತ್ತರ ಮೇಲೆ ಬರುತ್ತಿದ್ದರೆ, ಮನೆಯಲ್ಲಿ ಒಂದೇ ಫೋನ್ ಇರಬಹುದು, ಅದು ಹಗಲು ಅಪ್ಪನ ಜೊತೆ ಹೊಲಕ್ಕೋ ಪೇಟೆಗೋ ಹೋಗುತ್ತಿರಬಹುದು. ತಿಂಗಳ ಮೊದಲ ವಾರ ಉತ್ತರ ಬಂದು ಆಮೇಲೆ ನಿಂತರೆ ರೀಚಾರ್ಜ್ ಮುಗಿದಿರಬಹುದು. ಅಣ್ಣನ ಉತ್ತರ ಬಂದ ದಿನ ತಂಗಿಯದು ಬಾರದಿದ್ದರೆ ಮನೆಯಲ್ಲಿ ಫೋನ್ ಮೊದಲು ಯಾರ ಕೈಗೆ ಸಿಗುತ್ತದೆ ಎಂಬುದು ಗೊತ್ತಾಗುತ್ತದೆ. ‘ತಡ’ ಎಂಬ ಕೆಂಪು ಅಕ್ಷರ ಇದನ್ನೆಲ್ಲ ಹೇಳುವುದಿಲ್ಲ.

ಇದನ್ನು ಇಲಾಖೆಯೂ ಕಂಡುಕೊಂಡಿತು. 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾದಾಗ ಮಕ್ಕಳನ್ನು ಮೂರು ಗುಂಪು ಮಾಡಿದರು: ಇಂಟರ್‌ನೆಟ್ ಇರುವ ಫೋನಿನವರು, ಬರೀ ಮಾತಾಡುವ ಫೋನಿನವರು, ಯಾವ ಫೋನೂ ಇಲ್ಲದವರು. ಶಿಕ್ಷಕರು ಗುಡಿಯ ಕಟ್ಟೆಗೆ, ಸಮುದಾಯ ಭವನಕ್ಕೆ, ಮರದ ನೆರಳಿಗೆ ಹೋಗಿ ಪಾಠ ಮಾಡಿದರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಅದು ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಒಪ್ಪಿಸದ ಮಗುವನ್ನು ಹುಡುಕಿಕೊಂಡು ಗುರುವೇ ವಠಾರಕ್ಕೆ ಹೋದ ಆ ತಿಂಗಳುಗಳು, ನಮ್ಮ ರಾಜ್ಯದ ಶಿಕ್ಷಣ ಚರಿತ್ರೆಯಲ್ಲಿ ನೆನಪಿಡಬೇಕಾದವು.

ಹಳೆಯ ಲೆಕ್ಕ ಕೈಹಿಡಿದ ವರ್ಷ

ದಿನದಿನದ ಲೆಕ್ಕ ಎಷ್ಟು ಮುಖ್ಯ ಎಂಬುದು 2021ರಲ್ಲಿ ಎಲ್ಲರ ಅನುಭವಕ್ಕೂ ಬಂತು. ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಅಂಕಗಳಿಂದ ಶೇಕಡಾ 45, ಪ್ರಥಮ ಪಿಯುಸಿ ಅಂಕಗಳಿಂದ ಶೇಕಡಾ 45, ಆಂತರಿಕ ಮೌಲ್ಯಮಾಪನದಿಂದ ಶೇಕಡಾ 10 ತೆಗೆದುಕೊಂಡು ಫಲಿತಾಂಶ ಕೊಟ್ಟರು. ಎರಡು ವರ್ಷದ ಹಿಂದೆ ಬರೆದದ್ದು ಮಕ್ಕಳ ಕೈ ಹಿಡಿಯಿತು, ಕೆಲವರಿಗೆ ಕೈ ಕೊಟ್ಟಿತು.

ಎಸ್ಸೆಸ್ಸೆಲ್ಸಿಯಲ್ಲಿಯೂ 625 ಅಂಕಗಳಲ್ಲಿ 125 ಆಂತರಿಕ ಅಂಕಗಳು, ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ 20ರಂತೆ. ಇವು ಮಕ್ಕಳು ವರ್ಷವಿಡೀ ಮಾಡಿದ ಚಟುವಟಿಕೆ, ಕಿರುಪರೀಕ್ಷೆಗಳ ಲೆಕ್ಕ. ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ಈಗ ‘ಸ್ಯಾಟ್ಸ್’ ಎಂಬ ತಂತ್ರಾಂಶಕ್ಕೆ ತುಂಬಬೇಕು. ಹಾಗಾಗಿ ಮಗು ಒಂದು ಚಟುವಟಿಕೆ ಒಪ್ಪಿಸಿತೋ ಇಲ್ಲವೋ ಎಂಬುದು ಇವತ್ತು ಗುರುಗಳ ನೆನಪಿಗೆ ಬಿಟ್ಟ ಮಾತಲ್ಲ.

ಇದೇ ಹೊತ್ತಿಗೆ ಶಿಕ್ಷಕರು ತಾವೂ ವಿದ್ಯಾರ್ಥಿಗಳಾದರು. 2020ರ ಅಕ್ಟೋಬರ್‌ನಿಂದ ‘ದೀಕ್ಷಾ’ ವೇದಿಕೆಯಲ್ಲಿ ‘ನಿಷ್ಠಾ’ ತರಬೇತಿಯ 18 ಘಟಕಗಳು ಬಂದವು. ಪೂರ್ತಿ ನೂರಕ್ಕೆ ನೂರು ಮುಗಿದರೆ ಪ್ರಮಾಣಪತ್ರ. ಯಾರು ಎಷ್ಟು ಮುಗಿಸಿದರು ಎಂದು ಮೇಲಿನವರು ನೋಡಬಹುದು. ವಿಡಿಯೊ ಓಡಿದ್ದೇ ಕಲಿತದ್ದಕ್ಕೆ ಸಾಕ್ಷಿಯೆ ಎಂಬ ಪ್ರಶ್ನೆಯನ್ನು ಆಗ ಶಿಕ್ಷಕರೇ ಕೇಳಿದರು. ಅದೇ ಪ್ರಶ್ನೆಯನ್ನು ಮಕ್ಕಳ ಪರವಾಗಿಯೂ ಕೇಳಬೇಕು. ಒಪ್ಪಿಸಿದೆ ಎಂಬ ಹಸಿರು ಗುರುತು ಪಕ್ಕದ ಮನೆಯ ಹುಡುಗಿಯ ವಹಿಯಿಂದ ಇಳಿಸಿದ್ದಕ್ಕೂ ಬೀಳುತ್ತದೆ.

ಅಂಕಿಯನ್ನು ತಪ್ಪಾಗಿ ಓದುವುದಕ್ಕೆ ದೊಡ್ಡ ಊರಿನ ಪಂಡಿತರೂ ಹೊರತಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ ‘ಕೋರ್ಸ್ ಸಿಗ್ನಲ್ಸ್’ ಎಂಬ ತಂತ್ರಾಂಶ ಮಾಡಿತ್ತು. ವಿದ್ಯಾರ್ಥಿಯ ಅಂಕ, ವೇದಿಕೆಯಲ್ಲಿನ ಚಟುವಟಿಕೆ ನೋಡಿ ಕೆಂಪು, ಹಳದಿ, ಹಸಿರು ದೀಪ ತೋರಿಸುವುದು. ಈ ದೀಪವಿದ್ದ ವಿಷಯಗಳನ್ನು ಹೆಚ್ಚು ತೆಗೆದುಕೊಂಡವರು ಓದು ಬಿಡುವುದು ಕಡಿಮೆ ಎಂದು ಹೇಳಿದರು. 2013ರಲ್ಲಿ ಬೇರೆಯವರು ತಪ್ಪು ತೋರಿಸಿದರು: ಓದು ಬಿಡದೆ ಹೆಚ್ಚು ಕಾಲ ಇದ್ದವರೇ ಅಂಥ ವಿಷಯಗಳನ್ನು ಹೆಚ್ಚು ತೆಗೆದುಕೊಂಡಿರುತ್ತಾರಲ್ಲ! ಹೆಚ್ಚು ವರ್ಷ ಬದುಕಿದವರು ಹೆಚ್ಚು ದೀಪಾವಳಿ ನೋಡಿರುತ್ತಾರೆ. ಹಾಗೆಂದು ದೀಪಾವಳಿ ನೋಡಿದ್ದರಿಂದ ಆಯುಷ್ಯ ಹೆಚ್ಚಿತು ಎನ್ನಲಾದೀತೆ?

ಒಂದು ಸಾಲು, ನೂರು ಅರ್ಥ

ದೇವರಗುಡ್ಡದವರಿಗೆ ಇದನ್ನು ಬೇರೆ ಉದಾಹರಣೆಯಿಂದ ಹೇಳಬೇಕಾಗಿಲ್ಲ. ದಸರಾ ಹೊತ್ತಿನಲ್ಲಿ ಗೊರವಯ್ಯನವರು ಎತ್ತರದ ಬಿಲ್ಲೇರಿ ‘ಸದ್ದಲೇ’ ಎಂದಾಗ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಬರುವುದು ಒಂದೇ ಸಾಲು. ಆಮೇಲೆ ಊರೆಲ್ಲ ಅದರ ಅರ್ಥ ಬಿಡಿಸುತ್ತದೆ. ಮಳೆಯವರು ಮಳೆಯ ಅರ್ಥ, ಪೇಟೆಯವರು ಪೇಟೆಯ ಅರ್ಥ, ರಾಜಕೀಯದವರು ತಮ್ಮ ಅರ್ಥ. ಸಾಲು ಚಿಕ್ಕದು, ಅರ್ಥ ಮಾಡುವ ಹೊಣೆ ಕೇಳಿದವರದು.

ಕಂಪ್ಯೂಟರ್ ಕೊಡುವ ‘ಒಪ್ಪಿಸಿಲ್ಲ’ ಎಂಬ ಮಾತೂ ಅಷ್ಟೇ ಚಿಕ್ಕದು. ಹುಷಾರಿಲ್ಲ, ಫೋನಿಲ್ಲ, ಅರ್ಥವಾಗಲಿಲ್ಲ, ಕೂಲಿಗೆ ಹೋಗಿದ್ದಾಳೆ, ಮದುವೆಯ ಮಾತು ನಡೆದಿದೆ, ಸುಮ್ಮನೆ ಆಟವಾಡಿಕೊಂಡಿದ್ದಾನೆ. ಇವಿಷ್ಟೂ ಆ ಒಂದು ಶಬ್ದದೊಳಗೆ ಇರಬಹುದು. ಹತ್ತನೆಯ ತರಗತಿಯ ಒಬ್ಬ ಹುಡುಗಿ ಎರಡು ವಾರ ಏನನ್ನೂ ಒಪ್ಪಿಸದಿದ್ದರೆ, ಆ ಸೊನ್ನೆಯನ್ನು ಅಂಕ ಕಡಿತಕ್ಕೆ ಬಳಸಬಹುದು, ಅವಳ ಮನೆಯ ಬಾಗಿಲು ತಟ್ಟುವುದಕ್ಕೂ ಬಳಸಬಹುದು. ಮೊದಲನೆಯದಕ್ಕೆ ಯಂತ್ರ ಸಾಕು. ಎರಡನೆಯದಕ್ಕೆ ಮನುಷ್ಯರು ಬೇಕು. ಇನ್ನೂರು ವರ್ಷದ ಈ ಕತೆಯಲ್ಲಿ ಲೆಕ್ಕವನ್ನು ಬೆತ್ತಕ್ಕೆ, ದುಡ್ಡಿಗೆ ಕಟ್ಟಿದಾಗಲೆಲ್ಲ ಅದು ಹುಸಿಯಾಗಿದೆ ಅಥವಾ ಕ್ರೂರವಾಗಿದೆ. ‘ಏಕೆ’ ಎಂಬ ಪ್ರಶ್ನೆಗೆ ಕಟ್ಟಿದಾಗಲೆಲ್ಲ ಒಂದಷ್ಟು ಮಕ್ಕಳು ಶಾಲೆಯಲ್ಲಿ ಉಳಿದಿದ್ದಾರೆ.

ಹಾಗಾದರೆ ಮುಂದೆ ಏನು ಮಾಡಬಹುದು? ನನ್ನ ಸೂಚನೆಗಳು ಸರಳ. ಶಿಕ್ಷಕರು ವೇದಿಕೆ ಯಾವುದನ್ನೇ ಬಳಸಲಿ, ಒಪ್ಪಿಸಿದ್ದು, ತಡವಾದದ್ದು, ಒಪ್ಪಿಸದ್ದು ಎಂಬ ಮೂರು ಸಾಲುಗಳ ಪಕ್ಕದಲ್ಲಿ ‘ಕಾರಣ’ ಎಂಬ ನಾಲ್ಕನೆಯ ಸಾಲನ್ನು ಕೈಯಿಂದ ಬರೆಯುವುದು ಒಳ್ಳೆಯದು. ಯಂತ್ರ ತುಂಬಲಾರದ ಸಾಲು ಅದೊಂದೇ. ಗಡುವನ್ನು ಒಂದು ದಿನದ ಬದಲು ವಾರಕ್ಕೆ ಇಟ್ಟರೆ ಒಂದೇ ಫೋನಿನ ಮನೆಯ ಮಕ್ಕಳಿಗೂ ಸರದಿ ಸಿಗುತ್ತದೆ. ಒಪ್ಪಿಸದವರ ಹೆಸರನ್ನು ಎಲ್ಲರೂ ನೋಡುವ ಗುಂಪಿನಲ್ಲಿ ಹಾಕುವುದು ಬೇಡ, ಅದು ಅಂಗೈ ಮೇಲಿನ ಬೆತ್ತದ ಹೊಸ ರೂಪ. ಎರಡು ಸಲ ಸತತ ತಪ್ಪಿದ ಮಗುವಿನ ಮನೆಗೆ ಒಂದು ಫೋನ್ ಕರೆ, ಮೂರನೆಯ ಸಲಕ್ಕೆ ಒಂದು ಭೇಟಿ.

ಪಾಲಕರಲ್ಲಿ ಒಂದು ವಿನಂತಿ. ಸಂಜೆ ಹೊಲದಿಂದ ಬಂದ ಮೇಲೆ ಅರ್ಧ ತಾಸು ಫೋನ್ ಮಗುವಿನ ಕೈಗೆ ಕೊಡಿ, ಮಗನಿಗೆ ಕೊಟ್ಟಷ್ಟೇ ಹೊತ್ತು ಮಗಳಿಗೂ ಕೊಡಿ. ಬರೆದದ್ದನ್ನು ಓದಲು ಬಾರದಿದ್ದರೂ ‘ಇವತ್ತು ಏನು ಒಪ್ಪಿಸಿದಿ?’ ಎಂದು ಕೇಳಲು ಬರುತ್ತದೆ.

ಬೆಂಗಳೂರು, ಹುಬ್ಬಳ್ಳಿ, ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಸುವರ್ಣ ಮಹೋತ್ಸವಕ್ಕೆ ಏನು ಕಾಣಿಕೆ ಕೊಡೋಣ ಎಂದು ಕೇಳುವುದುಂಟು. ಶಾಲೆ ಬಿಟ್ಟ ಮೇಲೆ ಸಂಜೆ ಒಂದು ತಾಸು ಕಂಪ್ಯೂಟರ್ ಕೋಣೆ ತೆರೆದಿದ್ದು, ಮನೆಯಲ್ಲಿ ಫೋನಿಲ್ಲದ ಮಕ್ಕಳು ಅಲ್ಲಿ ಕೂತು ಕೆಲಸ ಒಪ್ಪಿಸುವ ಹಾಗೆ ಮಾಡಿದರೆ, ಅದಕ್ಕೆ ಬೇಕಾದ ಇಂಟರ್‌ನೆಟ್ ಖರ್ಚನ್ನೂ ನೋಡಿಕೊಳ್ಳುವ ಒಬ್ಬರ ಗೌರವಧನವನ್ನೂ ವರ್ಷಕ್ಕೊಂದು ಬ್ಯಾಚು ಹೊತ್ತುಕೊಂಡರೆ, ಅದಕ್ಕಿಂತ ಒಳ್ಳೆಯ ಕಾಣಿಕೆ ಬೇರೆ ಇಲ್ಲ. ಆ ಕೋಣೆಯಲ್ಲಿಯೂ ಒಂದು ಹಾಜರಿ ಪುಸ್ತಕ ಇರಲಿ. ಬಂದವರು ರುಜು ಮಾಡಲಿ, ಬಾರದವರನ್ನು ನಾವು ಹೋಗಿ ಕೇಳೋಣ.